ಗಟ್ಟಿ ಹೊಲಿಗೆ

ನರ್ಸಮ್ಮನ ಎಡಗಾಲಿನ ಚಪ್ಪಲಿಯ ಪಟ್ಟಿ ಮತ್ತೆ ಕಿತ್ತುಹೋಗಿತ್ತು. ಕಿತ್ತುಹೋಗದೆ ಇನ್ನೇನಾದೀತು? ಹೊಲಿಯುವವನೇ ‘ದೇವರೇ, ಬೇಗ ಕಿತ್ತುಹೋಗಲಿ’ ಎಂದು ಬೇಡಿಕೊಂಡು ಹೊಲಿದರೆ!

ಹಾಗೆ ನೋಡಿದರೆ ಅವನ ಹೊಲಿಗೆ ಭಾರಿ ಗಟ್ಟಿ. ಚಪ್ಪಲಿ ಸವೆದು ಮಣ್ಣು ಸೇರಿದರೂ ದಾರ ಉಡದ ಹಾಗೆ ಹಿಡಿದದ್ದು ಬಿಡುವುದಿಲ್ಲ ಎಂದೇ ಬೀದಿಯವರು ಅವನನ್ನು ಉಡಪ್ಪ ಎನ್ನುತ್ತಿದ್ದರು. ನರ್ಸಮ್ಮನ ಚಪ್ಪಲಿಗೆ ಮಾತ್ರ ಸಡಿಲ ಹೊಲಿಗೆ. ವರ್ಷಗಟ್ಟಲೆಯಿಂದ ಇದೇ ಕತೆ. ಅವಳು ಬರುವಳು, ಸ್ಟೂಲಿನ ಮೇಲೆ ಕೂತು ವಾರ್ಡಿನ ಸುದ್ದಿಯೆಲ್ಲ ಹೇಳುವಳು. ಇವನು ತಲೆ ಎತ್ತದೆ ‘ಹೂಂ’ ಎನ್ನುವನು. ಅವಳು ಹೋದ ಮೇಲೆ ಆ ಖಾಲಿ ಸ್ಟೂಲನ್ನು ನೋಡಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಬೇರೆಯೇ ಮಾತು ತೆಗೆದಳು.

"ದೂರದೂರಿನ ದೊಡ್ಡ ಆಸ್ಪತ್ರೆಯಿಂದ ಕರೆದಿದ್ದಾರೆ. ಹೋಗ್ತೀನೋ ಇಲ್ವೋ ಅಂತ ಇವತ್ತೇ ಹೇಳ್ಬೇಕು. ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ."

"ಹೂಂ" ಎಂದ ಉಡಪ್ಪ.

ಅವಳು ಒಂದು ಗಳಿಗೆ ಕಾದು, "ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ" ಎಂದು ಅವನ ಅಂಗಡಿಯ ಹಳೇ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಪಕ್ಕದಂಗಡಿಯ ಟೈಲರ್ ಗೋಡೆಗೆ ಕಿವಿ ಕೊಟ್ಟೇ ಬದುಕುವವನು. ಒಂದೇ ನೆಗೆತಕ್ಕೆ ಬಂದುಬಿಟ್ಟ.

"ಹೂಂ ಅಂದ್ಯಾ? ಅಯ್ಯೋ ನಿನ್ನ! ಇಷ್ಟು ವರ್ಷ ತಪಸ್ಸು ಮಾಡಿ, ದೇವರು ಎದುರು ನಿಂತಾಗ ನಿದ್ದೆ ಹೋದ್ಯಲ್ಲೋ! ಹಿಡಿದದ್ದು ಬಿಡಬಾರದು. ಮಧ್ಯಾಹ್ನ ಬರ್ತಾಳಲ್ಲ, ಬಾಯಿಬಿಟ್ಟು ಹೇಳು. ಈಗ ಅಭ್ಯಾಸ ಮಾಡು!"

ಎಂದವನೇ ಟೇಪು ತೆಗೆದು ಮದುವೆ ಕೋಟಿಗೆ ಉಡಪ್ಪನ ಎದೆಯಳತೆ ತೆಗೆಯತೊಡಗಿದ. ಉಡಪ್ಪ ಅಳತೆ ಕೊಡುತ್ತಲೇ ಕಣ್ಣು ಮುಚ್ಚಿಕೊಂಡು ಶುರುಮಾಡಿದ: "ನೀವು ಹೋದ್ರೆ ನಾನು ಯಾರ ದಾರಿ ಕಾಯ್ಲಿ? ನಿಮ್ಮ ಪಾದ ಕಂಡ ದಿನಾನೇ ನಂಗೆ ದಿನ..."

"ನಂಗೆ ಮೊಮ್ಮಕ್ಕಳಿದ್ದಾರೆ ಕಣಯ್ಯ!" ಎಂಬ ಗರ್ಜನೆ ಕೇಳಿತು. ಕಣ್ಣು ಬಿಟ್ಟರೆ ಎದುರಿಗೆ ನಿವೃತ್ತ ಪೊಲೀಸಪ್ಪ, ಬೂಟು ಒಯ್ಯಲು ಬಂದವರು. ಬೂಟು ಎದೆಗವಚಿಕೊಂಡು ಅವರು ಓಡಿದ ಓಟವನ್ನು ನೌಕರಿಯಲ್ಲಿದ್ದಾಗ ಯಾವ ಕಳ್ಳನ ಹಿಂದೆಯೂ ಓಡಿರಲಿಕ್ಕಿಲ್ಲ. ಸುದ್ದಿ ಅವರಿಗಿಂತ ಜೋರಾಗಿ ಓಡಿತು. ಉಡಪ್ಪನ ಅಕ್ಕ ಸೌಟು ಹಿಡಿದೇ ಬಂದಳು.

"ಏನೋ ಇದು ಮಾನ ಕಳೆಯೋ ಕೆಲಸ? ಟೈಲರಪ್ಪ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಕೆ ಕೂತ್ಯಾ?" ಎಂದು ಇಬ್ಬರನ್ನೂ ಝಾಡಿಸಿದಳು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಆ ಸ್ಟೂಲಿನ ಮೇಲೇ ಕೂತಳು. ದನಿ ಇಳಿಸಿ ಹೇಳಿದಳು, "ಹಟ ಇರಬೇಕು ಕಣೋ, ಬೇಡ ಅನ್ನಲ್ಲ. ಆದ್ರೆ ಬಿಡೋದೂ ಕಲೀಬೇಕು. ಅವಳಿಗೆ ಮನಸ್ಸಿದ್ದಿದ್ರೆ ಇಷ್ಟು ವರ್ಷದಲ್ಲಿ ಒಂದು ಮಾತು ಆಡ್ತಿರ್ಲಿಲ್ವಾ? ಒಳ್ಳೆ ನೌಕರಿ ಬಂದಿದೆ, ಹೋಗ್ಲಿ ಬಿಡು."

ಹೌದೆನಿಸಿತು. ಉಡಪ್ಪ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡ. ದೂರದ ಊರು. ಅಲ್ಲಿ ನರ್ಸಮ್ಮನ ಚಪ್ಪಲಿ ಕಿತ್ತುಹೋದರೆ ಹೊಲಿಯಲು ಯಾರಿದ್ದಾರೆ? ಬಿಸಿಲಲ್ಲಿ ಬರಿಗಾಲಲ್ಲಿ ನಡೆದಾಳು. ಹಾಗೆಂದುಕೊಂಡಾಗ ಕಣ್ಣು ಮಂಜಾಯಿತು. ಇದ್ದುದರಲ್ಲಿ ಒಳ್ಳೆಯ ದಾರ ತೆಗೆದು, ಮೇಣ ತಿಕ್ಕಿ, ಒಂದೊಂದು ಹೊಲಿಗೆಯನ್ನೂ ಹಲ್ಲು ಕಚ್ಚಿ ಎಳೆದು ಹಾಕಿದ. ಬದುಕಿನಲ್ಲೇ ಅಷ್ಟು ಚೆನ್ನಾಗಿ ಅವನು ಹೊಲಿದಿರಲಿಲ್ಲ.

ಮಧ್ಯಾಹ್ನ ನರ್ಸಮ್ಮ ಬಂದಳು. ಚಪ್ಪಲಿ ತೆಗೆದುಕೊಂಡು, ಎಂದಿನಂತೆ ಪಟ್ಟಿಯನ್ನು ಬೆರಳಿಂದ ಎಳೆದು ನೋಡಿದಳು. ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದಳು. ಅವಳ ಮುಖ ಬಾಡಿತು.

"ಇಷ್ಟು ಗಟ್ಟಿಯಾಗಿ ಹೊಲೀತೀರಾ ನೀವು?"

"ಹೂಂ."

"ಊರವರ ಚಪ್ಪಲಿಯೆಲ್ಲ ಗಟ್ಟಿ, ನಂದೊಂದೇ ಸಡಿಲ. ನಂಗೇನು ಗೊತ್ತಾಗ್ತಿರ್ಲಿಲ್ಲ ಅಂದ್ಕೊಂಡ್ರಾ? ಬಾಯಿಲ್ಲದ ಮನುಷ್ಯ, ಮತ್ತೆ ಬಾ ಅನ್ನೋದನ್ನ ಹೀಗೆ ಹೇಳ್ತಿದಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆ ನೀವೇನೂ ಹೇಳಲಿಲ್ಲ. ಸರಿ, ಹೊಲಿಗೆ ನೋಡೇ ತೀರ್ಮಾನ ಮಾಡೋಣ ಅಂತ ಬಂದೆ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ನೋಡಿದ್ದಾಯ್ತು. ಬರ್ತೀನಿ."

ಉಡಪ್ಪ ದಡಕ್ಕನೆ ಎದ್ದ. ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೇ ನುಗ್ಗಿ, ದಾರದಂತೆ ಒಂದಕ್ಕೊಂದು ಗಂಟುಬಿದ್ದವು. ಅಷ್ಟರಲ್ಲಿ ಅವಳು ಬೀದಿಗಿಳಿದಿದ್ದಳು.

ಅವನು ಬಾಗಿಲಲ್ಲಿ ನಿಂತು ಅವಳ ಎಡಗಾಲನ್ನೇ ನೋಡಿದ. ಕಿತ್ತುಹೋಗು, ನಿನ್ನ ದಮ್ಮಯ್ಯ, ಕಿತ್ತುಹೋಗು ಎಂದು ತನ್ನ ಹೊಲಿಗೆಯನ್ನು ತಾನೇ ಬೇಡಿಕೊಂಡ. ಬೀದಿಯ ಕೊನೆಯಲ್ಲಿ ಅವಳು ಕಲ್ಲಿಗೆ ಎಡವಿದಳು. ಉಡಪ್ಪನ ಜೀವ ಬಾಯಿಗೆ ಬಂತು. ಅವಳು ಬಗ್ಗಿ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ನೆಟ್ಟಗೆ ನಿಂತು, ಬಿರಬಿರನೆ ನಡೆದು ತಿರುವಿನಲ್ಲಿ ಮರೆಯಾದಳು.

"ಅಬ್ಬಬ್ಬಾ, ಏನು ಹೊಲಿಗೇನೋ ನಿಂದು!" ಎಂದು ಟೈಲರ್ ಅವನ ಬೆನ್ನು ತಟ್ಟಿದ.