ಕಾಕಾನ ಗೋಡೆ ಸಂಶೋಧನೆ

ನಮ್ಮ ಕಾಕಾ ದೊಡ್ಡ ಸಂಶೋಧಕ. ನಗಬೇಡಿ! ಲಕ್ಷ್ಮೇಶ್ವರದ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ, ಅಷ್ಟೇ ನಿಜ. ಆದರೆ ಮುದುಕರು ಔಷಧವನ್ನು ಏನು ಮಾಡುತ್ತಾರೆ ಎಂಬುದರ ಬಗ್ಗೆ ಅವನಷ್ಟು ಪ್ರಕಟಿಸಿದವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಎಲ್ಲಿ ಪ್ರಕಟಿಸಿದ ಅಂತೀರಾ? ದವಾಖಾನೆಯ ಗೋಡೆಯ ಮೇಲೆ! ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು, ಹಿಟ್ಟಿನ ಅಂಟು ಬಳಿದು ಮೆತ್ತುತ್ತಿದ್ದ.

ಆಗೆಲ್ಲ ಔಷಧವೆಂದರೆ ಮಿಕ್ಸ್ಚರು. ಮನೆಯಿಂದ ಒಯ್ದ ಬಾಟಲಿ ನಮ್ಮದು, ಕೆಂಪು ನೀರು ದವಾಖಾನೆಯದು. ಬಾಟಲಿಗೆ ಕಾಕಾ ಒಂದು ಕಾಗದದ ಪಟ್ಟಿ ಅಂಟಿಸುವನು. ಒಂದು ಹೊತ್ತಿಗೆ ಕುಡಿಯುವಷ್ಟಕ್ಕೆ ಒಂದು ಕಚ್ಚು. ಬೇರೆಯವರು ಚಕಚಕ ಕತ್ತರಿಸಿ ಕೈತೊಳೆದುಕೊಂಡರೆ, ಇವನ ಪಟ್ಟಿಯಲ್ಲಿ ಗುಡಿಯ ಶಿಖರದಂಥ ಮೆಟ್ಟಿಲುಗಳು!

ಈ ಹುಚ್ಚು ಹತ್ತಿದ್ದು ನಮ್ಮಜ್ಜಿಯಿಂದ, ಅಂದರೆ ಅವನ ಹಡೆದವ್ವನಿಂದ. ಅಜ್ಜಿಯ ಕಾಲು ಬಾತು ಕುಂಬಳಕಾಯಿ ಆಗಿದ್ದವು. ಊರಿಗೆಲ್ಲ ನಾಟುವ ಔಷಧ ಅವ್ವನಿಗೆ ಮಾತ್ರ ನಾಟದು!

"ಖರೇನ ಕುಡದೀ ಏನಬೇ?"

"ಬಾಟ್ಲಿ ಖಾಲಿ ಆಗೇತಿ, ನಿನಗ ಕಣ್ಣಿಲ್ಲೇನಲೇ?"

ಹಾಗಾದರೆ ಉಳಿದ ಮುದುಕರು ಹೇಗೆ ಕುಡಿಯುತ್ತಾರೆ? ಕಾಕಾ ಮನೆಮನೆ ತಿರುಗತೊಡಗಿದ. ಅದು ಏಕೀಕರಣದ ಗದ್ದಲದ ಕಾಲ. ಗೋಡೆಗೆ ಕಾಗದ ಬಿತ್ತೆಂದರೆ ಜನ ಮುತ್ತುತ್ತಿದ್ದರು. ಬೆಳ್ಳಟ್ಟಿಯ ಒಬ್ಬ ರೈತ ಓಡಿ ಬಂದ.

"ಏನರಿ ಖಬರು? ನಮ್ಮೂರು ಯಾವ ಕಡೆ ಸೇರ್ತು?"

"ಊರು ಎಲ್ಲೂ ಹೋಗೂದಿಲ್ಲಪಾ. ನಿಮ್ಮಪ್ಪನ ಔಷಧ ಎಲ್ಲಿ ಹೋತು, ಅದನ್ನ ಹೇಳು!"

"ಎಮ್ಮಿ ಕೆಮ್ಮತಿತ್ತರಿ..."

ಮರುದಿನವೇ ಅದೂ ಪ್ರಕಟವಾಯಿತು, ಎಮ್ಮೆ ಗುಣವಾದ ವರದಿಯ ಸಮೇತ! ಒಬ್ಬ ಮುದುಕ ಮೂರು ದಿನದ ಔಷಧವನ್ನು ಒಂದೇ ಗುಟುಕಿಗೆ ಏರಿಸಿ, "ಜಲ್ದಿ ಆರಾಮ ಆಗ್ಲೆಂತ" ಅಂದಿದ್ದ. ಇನ್ನೊಂದು ಮನೆಯಲ್ಲಿ ಗಂಡನ ಬಾಟಲಿಯಲ್ಲಿ ಹೆಂಡತಿಗೂ ಪಾಲು! ರೇಗಿದ ಕಾಕಾ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಒಂದನ್ನು ಮೆತ್ತಿದ: "ಒಬ್ಬರ ಔಷಧ ಇಬ್ಬರು ಕುಡಿದರೆ, ಅವರು ಮಹಾಮೂರ್ಖರು."

ಅದೇ ವಾರ ಸಂಶೋಧನೆ ನಮ್ಮ ಹಿತ್ತಲಾಚೆಯ ಮನೆಗೆ ಬಂತು. ಅಲ್ಲಿದ್ದವಳು ಅಜ್ಜಿಯ ಗೆಳತಿ. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯಾಗಿ ಬಂದವರು. ಗೂಡಿನಲ್ಲಿ ಒಂದು ಸಣ್ಣ ಬಾಟಲಿ. ಅದರ ಮೇಲೆ ಅರ್ಧಕ್ಕೆ ಹರಿದ ಒಂದು ಪಟ್ಟಿ. ಶಿಖರದಂಥ ಮೆಟ್ಟಿಲು!

"ಚಿಗವ್ವಾ, ಇದೆಲ್ಲಿಂದ ಬಂತು?"

"ನಿಮ್ಮವ್ವ ಕೊಟ್ಟಾಳಪಾ. ನನ್ನ ಕಾಲೂ ಬಾತಾವ ನೋಡು. ಗಂಡಸು ಡಾಕ್ಟರಿಗೆ ತೋರ್ಸಾಕ ನಾಚಿಕಿ ಬರ್ತೈತಿ."

ಕಾಕಾ ಮನೆಗೆ ಬಂದು ಅಜ್ಜಿಯ ಮುಂದೆ ನಿಂತ.

"ಸಿಟ್ಟಾಗಬ್ಯಾಡಲೇ," ಅಂದಳು ಅಜ್ಜಿ. "ಆರು ಕಚ್ಚಿನ್ಯಾಗ ಮೂರು ನನಗ, ಮೂರು ಆಕಿಗೆ. ನೀ ಚಂದ ಕತ್ತರಿಸಿರ್ತಿ, ಒಂದು ಹನಿ ಹೆಚ್ಚುಕಮ್ಮಿ ಆಗಿಲ್ಲ."

ಕಾಕಾ ಬಯ್ಯಲಿಲ್ಲ. ಸಂಜೆ ಡಾಕ್ಟರರನ್ನು ಹಿತ್ತಲಾಚೆಗೆ ಕರೆತಂದ. ನಾಚಿದ ಗೆಳತಿಯ ಕೈ ಹಿಡಿದುಕೊಂಡು ಅಜ್ಜಿ ಪಕ್ಕದಲ್ಲಿ ಕೂತಳು. ತಿಂಗಳೊಪ್ಪತ್ತಿನಲ್ಲಿ ಇಬ್ಬರ ಕಾಲೂ ಇಳಿದು, ಕೂಡಿಯೇ ಸೋಮೇಶ್ವರನ ಗುಡಿಗೆ ನಡೆದುಹೋದರು.

ಕಾಕಾ ಇದನ್ನು ಪ್ರಕಟಿಸಲೇ ಇಲ್ಲ. ಆದರೆ ಒಂದು ಮುಂಜಾನೆ ನಾನು ದವಾಖಾನೆಯ ಮುಂದೆ ಹಾಯ್ದಾಗ ಗೋಡೆ ನೋಡಿದೆ. "ಮಹಾಮೂರ್ಖರು" ಎಂಬುದನ್ನು ಹೊಡೆದುಹಾಕಿ, ಮೇಲೆ "ಗೆಳತಿಯರು" ಎಂದು ಬರೆದಿತ್ತು. ಎಷ್ಟೆಂದರೂ ಕಂಪೌಂಡರ್ ಅಲ್ಲವೇ? ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದ್ದ:

"ಎರಡು ಬಾಟಲಿ ತರ್ರಿ."