ಹಿಂದಕ್ಕೇ ಓಡಿದ ಡೀಸೆಲ್ ದೋಣಿ

ಕೆಲವರ ಮಾನ ವರ್ಷಕ್ಕೊಂದು ಸಲ ಹೋಗುತ್ತೆ. ನನ್ನದು ಕಂತಿನಲ್ಲಿ ಹೋಗುತ್ತೆ, ಅದೂ ನಾಲ್ಕು ಜನ ನೋಡ್ತಾ ಇರುವಾಗಲೇ. ಮೂವತ್ತು ವರ್ಷ ನಂಜನಗೂಡಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದೋನು ನಾನು. ಅದರಲ್ಲಿ ಒಂದೇ ಒಂದು ತಿಂಗಳು ಬೋಟ್ ಮೆಕ್ಯಾನಿಕ್ ಆಗಿದ್ದೆ. ಆ ತಿಂಗಳ ನೆನಪಾದರೆ ಈಗಲೂ ಊಟ ಮಾಡ್ತಾ ಮಾಡ್ತಾ ತಲೆ ತಗ್ಗಿಸಿಬಿಡ್ತೀನಿ. ಹೆಂಡತಿ ಸಾರಿಗೆ ಉಪ್ಪು ಜಾಸ್ತಿಯಾಯ್ತೇನೋ ಅಂದುಕೊಳ್ತಾಳೆ.

ಆಗಿನ್ನೂ ಎರಡು ಸಾವಿರದ ಇಸವಿ ಆಚೆ ಈಚೆ. ಮೈಸೂರಿನ ಒಬ್ಬ ಯಜಮಾನರಿಗೆ ಗಾಳ ಹಾಕಿ ಮೀನು ಹಿಡಿಯೋ ಶೋಕಿ. ಟಿ. ನರಸೀಪುರದ ಹೊಳೇಲಿ ಓಡಿಸೋಕೆ ಅಂತ ಆರು ಸಣ್ಣ ಫೈಬರ್ ದೋಣಿ ತರಿಸಿದ್ದರು. ಒಂದಕ್ಕೆ ಡೀಸೆಲ್ ಎಂಜಿನ್ನೂ ಬಂದಿತ್ತು. ಎಂಜಿನ್ ಕೂರೋದು ದೋಣಿ ಒಳಗೆ. ಹಿಂಬದಿ ಹಲಗೆಗೆ ತೂತು ಕೊರೆದು, ಅದರಿಂದಾಚೆಗೆ ಫ್ಯಾನು ತಿರುಗಿಸೋ ಒಂದು ಕಾಲು ಇಳಿಬಿಡಬೇಕು. ಸ್ಟರ್ನ್‌ಡ್ರೈವ್ ಅಂತಾರೆ. ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಮಾಡಿದೀರಾ ಇಂಥದ್ದು?" ಅಂತ ಕೇಳಿದರು.

"ಎಷ್ಟೋ ಮಾಡಿದೀನಿ ಸಾರ್," ಅಂದೆ.

"ಇದು ಸರಿಯಾಗಿ ಓಡಿದರೆ ಉಳಿದ ಐದಕ್ಕೂ ಎಂಜಿನ್ ತರಿಸ್ತೀನಿ, ಕೂರಿಸೋದು ನೀವೇ. ವರ್ಷಪೂರ್ತಿ ನೋಡಿಕೊಳ್ಳೋ ಕೆಲಸಾನೂ ನಿಮ್ಮದೇ."

ಎಂಜಿನ್ ಪೆಟ್ಟಿಗೆ ಒಡೆಯೋಕೆ ಮುಂಚೆಯೇ ಅಂಗಡಿಗೆ ಹೊಸ ಬೋರ್ಡು ಬರೆಸಿದೆ. 'ಬೋಟ್ ಎಂಜಿನ್ ಸ್ಪೆಷಲಿಸ್ಟ್.' ಪಂಪ್‌ಸೆಟ್ ಅನ್ನೋ ಪದಾನೇ ಇಲ್ಲ. ಅಷ್ಟು ಕೊಬ್ಬು.

ತೂತು

ದೋಣೀನ ಎರಡು ಬೆಂಚಿನ ಮೇಲೆ ಬೋರಲು ಹಾಕಿದ್ದೆ. ತೂತಿನ ಅಳತೆಯ ಕಾಗದ ಪೆಟ್ಟಿಗೆಯಲ್ಲೇ ಬಂದಿತ್ತು. ಮೇಲೆ ಅಗಲ, ಕೆಳಗೆ ಕಿರಿದು. ಅಕ್ಷರ ನನಗೆ ನೇರವಾಗಿ ಕಾಣಬೇಕಲ್ಲ, ಹಾಗೇ ಅಂಟಿಸಿ, ಗೆರೆ ಹಿಡಿದು ಚೊಕ್ಕವಾಗಿ ಕೊಯ್ದೆ. ಆಮೇಲೆ ನಾಲ್ಕು ಜನ ಸೇರಿ ದೋಣಿ ನೆಟ್ಟಗೆ ಮಾಡಿದ್ವಿ. ತೂತು ತಲೆಕೆಳಗಾಗಿತ್ತು.

ಯಜಮಾನರಿಗೆ ಗೊತ್ತಾದರೆ ಮುಗೀತು ಅಂತ, ತಾಂಡ್ಯದ ಫ್ಯಾಕ್ಟರಿ ಕಡೆ ಫೈಬರ್ ಕೆಲಸ ಮಾಡೋ ಒಬ್ಬನನ್ನ ಗುಟ್ಟಾಗಿ ಕರೆಸಿದೆ. ಅವನು ತೂತಿನ ಸುತ್ತ ಕೈಯಾಡಿಸಿ ಕೇಳಿದ, "ಯಾವನ್ ಸಾ ಇದ್ನ ಕುಯ್ದೋನು?"

"ಹಳೇ ಮೆಕ್ಯಾನಿಕ್ಕು," ಅಂದೆ.

"ಅವನ್ ಕೈಗೆ ಇನ್ಮುಂದೆ ಏನೂ ಕೊಡ್ಬೇಡಿ."

"ಇಲ್ಲಪ್ಪ, ಬಿಡಿಸಿ ಕಳಿಸ್ಬಿಟ್ಟೆ," ಅಂದೆ.

ಪೂಜೆ

ಅವನು ಹಳೇ ತೂತು ಮುಚ್ಚಿ, ಸರಿಯಾಗಿ ಕೊಯ್ದುಕೊಟ್ಟ ಮೇಲೆ ಎಂಜಿನ್ ಕೂತಿತು. ಪೂಜೆ ಮಾಡದೆ ಹೊಳೆಗೆ ಇಳಿಸೋದುಂಟೇ? ಅಂಗಡಿ ಮುಂದೆ ಹಾರ ಹಾಕಿ, ಮಂಗಳಾರತಿ ಎತ್ತಿ, ಬೀದಿಯವರೆಲ್ಲ ಕೇಳಲಿ ಅಂತ ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷ ಓಡಿಸಿದೆ. ಪಂಪ್‌ಸೆಟ್ ಎಂಜಿನ್ ನೆಲದ ಮೇಲೆ ಓಡುತ್ತಲ್ಲ, ಇದೂ ಓಡಲಿ ಅಂತ. ಇದು ತನ್ನ ಮೈ ತಣ್ಣಗೆ ಮಾಡಿಕೊಳ್ಳೋಕೆ ಆ ಕಾಲಿನಿಂದ ಹೊಳೆ ನೀರು ಎಳೆದುಕೊಳ್ಳುತ್ತೆ, ಒಳಗೇ ಒಂದು ಸಣ್ಣ ಪಂಪಿದೆ, ಅನ್ನೋದು ನನಗೆ ಗೊತ್ತಿರಲಿಲ್ಲ.

ಗುಂಪಲ್ಲಿ ಹುಲ್ಲಹಳ್ಳಿ ಕಡೆಯ ರೈತ ಒಬ್ಬ ನಿಂತಿದ್ದ. ಹಿಂದಿನ ವಾರವಷ್ಟೇ ಅವನಿಗೆ, ನೀರಿಲ್ಲದೆ ಪಂಪ್ ಓಡಿಸಿ ಸುಟ್ಟುಕೊಂಡಿದೀಯಲ್ಲ, ಬುದ್ಧಿ ಬೇಡವಾ ಅಂತ ಹತ್ತು ಜನರ ಮುಂದೆ ಬೈದಿದ್ದೆ. ಅವನೇ ಮೊದಲು ಮೂಗು ಅರಳಿಸಿದ್ದು.

"ಸಾ, ರಬ್ಬರ್ ಸುಟ್ ವಾಸ್ನೆ ಬತ್ತಾ ಅದೆ."

"ಊದಿನಕಡ್ಡಿ ಕಣಯ್ಯ ಅದು," ಅಂದೆ.

ಬಿಚ್ಚಿ ನೋಡಿದರೆ ಪಂಪಿನೊಳಗಿನ ರಬ್ಬರ್ ಚಕ್ರ ಚೂರು ಚೂರಾಗಿತ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆ ಪುಣ್ಯಾತ್ಮ ಚೂರುಗಳನ್ನ ಅಂಗೈಲಿ ಇಟ್ಟುಕೊಂಡು ನೋಡಿದ.

"ನನಗಾದ್ರೆ ಬೈಯೋಕೆ ನೀವಿದ್ರಿ ಸಾ. ನಿಮ್ಗೆ ಯಾರೂ ಇಲ್ವಲ್ಲ," ಅಂದ. ಚೂರುಗಳನ್ನ ನನ್ನ ಕೈಗೆ ಹಾಕಿ, "ನಾನೇ ಬೈಯ್ಲಾ?" ಅಂತ ಕೇಳಿದ.

ಹೊಳೆ

ಹೊಸ ರಬ್ಬರ್ ಹಾಕಿದ ಮೇಲೆ ಹುಷಾರಾಗಿದ್ದೆ. ದೋಣಿಯ ಕಾಲನ್ನ ದನ ನೀರು ಕುಡಿಯೋ ತೊಟ್ಟಿಗೆ ಇಳಿಸಿ, ಗೇರ್ ಲಿವರ್ ಮುಂದಕ್ಕೆ ತಳ್ಳಿ ನೋಡಿದೆ. ಫ್ಯಾನು ನೀರನ್ನ ಹಿಂದಕ್ಕೆ ಎರಚಿತು. ನೀರು ಹಿಂದಕ್ಕೆ ಹೋದರೆ ದೋಣಿಯೂ ಹಿಂದಕ್ಕೇ ಹೋಗುತ್ತಲ್ಲ, ಕಂಪನಿಯವರೇ ತಪ್ಪು ಮಾಡಿದಾರೆ ಅಂತ, ಲಿವರಿನ ಕೇಬಲ್ ಬಿಚ್ಚಿ ಉಲ್ಟಾ ಹಾಕಿದೆ. ಅಷ್ಟೊಂದು ಯೋಚನೆ ಮಾಡಿ ನಾನು ಯಾವತ್ತೂ ತಪ್ಪು ಮಾಡಿರಲಿಲ್ಲ.

ನರಸೀಪುರದಲ್ಲಿ ದೋಣಿ ಇಳಿಸಿದ್ವಿ. ಯಜಮಾನರು ಟೋಪಿ ಹಾಕಿಕೊಂಡು, ಗಾಳದ ಕೋಲು ಹಿಡಿದು ಮೂತಿ ಕಡೆ ಕೂತರು. ನಾನು ಲಿವರ್ ಮುಂದಕ್ಕೆ ತಳ್ಳಿದೆ. ದೋಣಿ ಹಿಂದಕ್ಕೆ ಹೊರಟಿತು.

ತಿರುಗಿ ನೋಡಿ, "ಯಾಕ್ರೀ ಹಿಂದಕ್ಕೆ?" ಅಂದರು.

ಕೇಬಲ್ ಉಲ್ಟಾ ಆಗಿದೆ ಅಂತ ಒಂದು ಮಾತು ಹೇಳಿ, ಲಿವರ್ ಇತ್ತ ಎಳೆದಿದ್ದರೆ ಆಗಿತ್ತು. ಬಾಯಿ ಬರಲಿಲ್ಲ. ಐದು ದೋಣಿ ಕಣ್ಮುಂದೆ ಬಂದವು.

"ಹೊಸ ಎಂಜಿನ್ ಸಾರ್," ಅಂದೆ. "ಮೊದಲು ಒಂದರ್ಧ ಗಂಟೆ ಹಿಂದಕ್ಕೇ ಓಡಿಸಿ ಪಳಗಿಸಬೇಕು."

ಪಾಪ, ನಂಬಿದರು. ಓದಿದವರು, ಮೆಕ್ಯಾನಿಕ್ಕನ್ನ ಪ್ರಶ್ನೆ ಮಾಡಬಾರದು ಅನ್ನೋ ಮರ್ಯಾದೆ. ಹೊಳೆ ಉದ್ದಕ್ಕೂ ಹಿಂಬದಿ ಮುಂದೆ ಮಾಡಿಕೊಂಡೇ ಹೊರಟ್ವಿ. ದಡದಲ್ಲಿ ಬಟ್ಟೆ ಒಗೀತಿದ್ದ ಹೆಂಗಸರು ಒಗೆಯೋದು ಬಿಟ್ಟು ನಿಂತರು. ಹಿಂಬದಿ ಹಲಗೆ ಮೇಲಿಂದ ನೀರು ಒಳಕ್ಕೆ ಹಾರ್ತಾ ಇತ್ತು. ನಾನು ಯಜಮಾನರಿಗೆ ಕಾಣದ ಹಾಗೆ ಟವೆಲಲ್ಲಿ ಅದ್ದಿ ಅದ್ದಿ ಹಿಂಡ್ತಾ ಇದ್ದೆ. ಕೊನೆಗೆ ನೀರು ಎಂಜಿನ್ ಮೇಲಕ್ಕೆ ಬಂತು. ಎರಡು ಸಲ ಕೆಮ್ಮಿ ನಿಂತುಹೋಯಿತು.

ಅಷ್ಟರಲ್ಲಿ ಹರಿಗೋಲಿನ ಮುದುಕ ಒಬ್ಬ ಹುಟ್ಟು ಹಾಕ್ಕೊಂಡು ಬಂದ.

"ಆಗ್ಲಿಂದ ನೋಡ್ತಾವ್ನಿ ಸಾ," ಅಂದ. "ಇಂದ್ಕಿಂದ್ಕೇ ಓಯ್ತಾ ಇದ್ರಿ. ಅರಕೆ ಗಿರಕೆ ಏನಾರ ಒತ್ಕಂಡಿದ್ರಾ?"

ಯಜಮಾನರು ನನ್ನ ಕಡೆ ನೋಡಿದರು. ನಾನು ಹೊಳೆ ಕಡೆ ನೋಡಿದೆ.

ಮುದುಕ ಯಜಮಾನರನ್ನ ಹರಿಗೋಲಿಗೆ ಹತ್ತಿಸಿಕೊಂಡು, ನನ್ನನ್ನೂ ದೋಣೀನೂ ಹಗ್ಗ ಕಟ್ಟಿ ಎಳೆದ. ಸದ್ದಿಲ್ಲ, ಗದ್ದಲವಿಲ್ಲ. ನಡುದಾರಿಯಲ್ಲಿ ಯಜಮಾನರ ಗಾಳ ಬಾಗಿತು. ಮೊಳದುದ್ದದ ಮೀನು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಅವತ್ತೇ ಕಂಡಿದ್ದು.

ದಡದಲ್ಲಿ ಅವರು ಮುದುಕನಿಗೆ, "ನಾಳೆಯಿಂದ ದಿನಾ ಬಾಪ್ಪ. ನನಗೆ ಹರಿಗೋಲೇ ಸಾಕು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಎಂಜಿನ್ ಬಿಚ್ಚಿಕೊಡಿ. ಬಿಚ್ಚೋಕೆ ಬರುತ್ತಲ್ಲ?" ಅಂದರು.

"ಬರುತ್ತೆ ಸಾರ್," ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಹೋದ ಮೇಲೆ ಮುದುಕ ನನ್ನ ಪಕ್ಕ ಬಂದು ಕೂತು, ಬೀಡಿ ಕೊಟ್ಟ. ಬಹಳ ಒಳ್ಳೆಯವನು. ನನ್ನ ಸಮಾಧಾನಕ್ಕೇ ಹೇಳಿದ್ದು.

"ಬೇಜಾರ್ ಮಾಡ್ಕಬೇಡಿ ಸಾ. ನನ್ ಅರಗೋಲ್ಗೂ ಒಂದು ಎಂಜಿನ್ ಆಕುಸ್ಬೇಕು ಅಂತ ಭಾಳ ವರ್ಷದಿಂದ ಹುಚ್ಚಿತ್ತು. ಇವತ್ತು ನಿಮ್ ದಯದಿಂದ ವಾಸಿಯಾಯ್ತು."