ಅತ್ತೆಯ ಕಣ್ಣು, ಅಳಿಯಂದಿರ ಜಗಳ

ಟೈಲರ್ ಅತ್ತೆಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಆಕೆ ಒಪ್ಪಿಕೊಂಡಿರಲಿಲ್ಲ, ಅಷ್ಟೆ. ಸೂಜಿಗೆ ದಾರ ಹೋಗದಿದ್ದರೆ ದಾರ ಕಳಪೆ, ಮೆಟ್ಟಿಲು ತಪ್ಪಿದರೆ ಮನೆ ಕಟ್ಟಿದವನಿಗೆ ಬುದ್ಧಿಯಿಲ್ಲ. "ಕಣ್ಣು ಯಾಕೆ ಬೇಕು? ನನ್ನ ಕೈಗೇ ಅಳತೆ ಗೊತ್ತು" ಎಂದು ಬಡಾಯಿ. ಅದಕ್ಕೆ ಸಾಕ್ಷಿಯಾಗಿ ಎರಡು ವರ್ಷದ ಹಿಂದೆ ಇಬ್ಬರು ಅಳಿಯಂದಿರಿಗೂ ಒಂದೊಂದು ಅಂಗಿ ಹೊಲಿದು ಕೊಟ್ಟಿದ್ದಳು. ಅತ್ತೆಯ ಮನೆಗೆ ಬರುವಾಗಲೆಲ್ಲ ಅವರು ತಪ್ಪದೆ ಅದನ್ನೇ ತೊಟ್ಟು ಬರುತ್ತಿದ್ದರು. (ಹೆಂಡತಿಯರ ಆಜ್ಞೆ.)

ಒಂದು ದಿನ ಮೇಜಿನ ಮೇಲೆ ಮಲಗಿದ್ದ ಕರಿ ಬೆಕ್ಕನ್ನು ಮಖಮಲ್ಲಿನ ತುಂಡೆಂದು ಎಳೆದು ಅಳತೆ ಹಿಡಿದಳು. ಬೆಕ್ಕು ಸಹಕರಿಸಲಿಲ್ಲ. ಪರಚಿದ ಕೈಗೆ ಔಷಧ ಹಚ್ಚುತ್ತ ಇಬ್ಬರು ಹೆಣ್ಣುಮಕ್ಕಳೂ ತೀರ್ಪು ಕೊಟ್ಟರು.

"ಅಮ್ಮಾ, ಈ ತಿಂಗಳೊಳಗೆ ಕಣ್ಣಿನ ಪೊರೆ ತೆಗೆಸ್ಕೋ. ಇಲ್ಲಾಂದ್ರೆ ಹೊಲಿಗೆ ಮಷೀನು ಮಾರಿಬಿಡ್ತೀವಿ."

ಮಷೀನು ಮಾರುವುದೆಂದರೆ ಅತ್ತೆಯ ಎರಡೂ ಕಾಲು ಕತ್ತರಿಸಿದಂತೆ. ಹೂಂ ಅಂದುಬಿಟ್ಟಳು. ಆದರೆ ಪೊರೆ ಯಾರ ಲೆಕ್ಕದಲ್ಲಿ ತೆಗೆಸಬೇಕು? ದೊಡ್ಡಳಿಯ ಖಾಸಗಿ ಆರೋಗ್ಯ ವಿಮೆಯ ಏಜೆಂಟು. ಅತ್ತೆಯ ಹೆಸರಿನಲ್ಲಿ ಮೊನ್ನೆಮೊನ್ನೆ ಒಂದು ಪಾಲಿಸಿ ಮಾಡಿಸಿದ್ದ. ಚಿಕ್ಕಳಿಯ ಸರ್ಕಾರಿ ಆರೋಗ್ಯ ಕಚೇರಿಯ ಗುಮಾಸ್ತ; ಅತ್ತೆಗೆ ಸರ್ಕಾರದ ಉಚಿತ ಚಿಕಿತ್ಸೆಯ ಕಾರ್ಡು ತಂದುಕೊಟ್ಟಿದ್ದ. ಅಲ್ಲಿಗೆ ಮಹಾಯುದ್ಧ ಶುರುವಾಯಿತು.

"ಸರ್ಕಾರದ ಕಾರ್ಡು ನಂಬ್ಕೊಂಡ್ರೆ, ಸರದಿ ಬರೋ ಹೊತ್ತಿಗೆ ಅತ್ತೆಗೆ ಮುಂದಿನ ಜನ್ಮದ ಕಣ್ಣೇ ಬಂದಿರುತ್ತೆ" ಎಂದ ದೊಡ್ಡಳಿಯ.

"ನಿಮ್ಮ ಪಾಲಿಸೀಲಿ ಕಣ್ಣಿಗೆ ಕೊಡ್ತಾರಾ ಭಾವ? ಅದು ಹೇಳಿ ಮೊದಲು."

"ಕೊಡದೆ ಏನು? ಎರಡು ವರ್ಷ ಕಾಯೋ ಅವಧಿ, ಆಮೇಲೆ ಪೂರ್ತಿ ಕೊಡ್ತಾರೆ. ಮೊದಲೇ ಇದ್ದ ದೋಷ ಆಗಿರಬಾರದು, ಅಷ್ಟೇ."

"ಅಂದ್ರೆ ಕಣ್ಣು ಚೆನ್ನಾಗಿದ್ರೆ ರಿಪೇರಿ ಮಾಡಿಸಿಕೊಡ್ತೀರಿ ಅನ್ನಿ" ಎಂದಳು ಅತ್ತೆ.

(ಇಷ್ಟು ವಾದಿಸುವ ದೊಡ್ಡಳಿಯ ನಾಯಿ ಕಚ್ಚಿದಾಗ ಓಡಿದ್ದು ಸರ್ಕಾರಿ ಆಸ್ಪತ್ರೆಗೆ. ಚಿಕ್ಕಳಿಯ ಹಲ್ಲು ಕೀಳಿಸಿದ್ದು ಏಸಿ ಹಾಕಿದ ಖಾಸಗಿ ಕ್ಲಿನಿಕ್ಕಿನಲ್ಲಿ. ಸಿದ್ಧಾಂತವನ್ನೆಲ್ಲ ಇಬ್ಬರೂ ಅತ್ತೆಯ ಕಣ್ಣಿಗೆ ಮೀಸಲಿಟ್ಟಿದ್ದರು.)

ಪಾಲಿಸಿ ತಾನಾಗಿಯೇ ಮಕಾಡೆ ಮಲಗಿದ್ದರಿಂದ ಚಿಕ್ಕಳಿಯ ಎದೆಯುಬ್ಬಿಸಿಕೊಂಡು ಅತ್ತೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಸೋಲನ್ನು ಕಣ್ಣಾರೆ ನೋಡಲು ದೊಡ್ಡಳಿಯನೂ ಹಿಂದೆ ಬಂದ.

ಕೌಂಟರಿನ ಹುಡುಗಿ ಒಂದು ಪುಟ್ಟ ಯಂತ್ರ ಮುಂದಿಟ್ಟಳು. "ಹೆಬ್ಬೆರಳು ಇಡಿ ಅಜ್ಜಿ."

ಇಟ್ಟಳು. ಕೆಂಪು ದೀಪ. ಒರೆಸಿ ಇಟ್ಟಳು. ಮತ್ತೆ ಕೆಂಪು. ಜೀವಮಾನವೆಲ್ಲ ಬಟ್ಟೆ ಉಜ್ಜಿ, ಸೂಜಿ ಚುಚ್ಚಿಸಿಕೊಂಡು ಹೆಬ್ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು.

"ನೀವು ನೀವಲ್ಲ ಅಂತಿದೆ ಅಜ್ಜಿ."

"ಹಾಗಾದ್ರೆ ನಾನ್ಯಾರು, ಅದನ್ನೂ ಕೇಳಮ್ಮ."

"ಅದು ಹೇಳಲ್ಲ. ಬೆರಳು ಬರದಿದ್ರೆ ಕಣ್ಣು ತೋರಿಸ್ಬೇಕು."

ಇನ್ನೊಂದು ಯಂತ್ರ ಅತ್ತೆಯ ಕಣ್ಣೊಳಗೆ ಇಣುಕಿ ನೋಡಿತು. ಪೊರೆ ಬಿಟ್ಟರೆ ಏನೂ ಕಾಣಲಿಲ್ಲ. ಅದೂ ಕೆಂಪು.

"ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ ಅಜ್ಜಿ. ಆಮೇಲೆ ಕಣ್ಣಿನ ಆಪರೇಷನ್ನಿಗೆ ಕಾರ್ಡು ನಡೆಯುತ್ತೆ."

ದೊಡ್ಡಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಳಿಯ ಕೆರಳಿದ. ಹಿಂದೆ ನಿಂತಿದ್ದ ಸಾಲು ಸರ್ಕಾರದ ಪಕ್ಷ, ಖಾಸಗಿ ಪಕ್ಷ ಎಂದು ಎರಡಾಗಿ ಕೂಗಾಡತೊಡಗಿತು. ಗದ್ದಲ ತಡೆಯಲಾರದೆ ಹುಡುಗಿ ತಲೆ ಚಚ್ಚಿಕೊಂಡಳು. "ಅಯ್ಯೋ, ಬೇರೆ ಬೆರಳೇ ಇಲ್ವಾ ಅಜ್ಜಿ?"

ಅತ್ತೆ ನಡುಬೆರಳು ಇಟ್ಟಳು. ಹಸಿರು! ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ತಗಡಿನ ಟೋಪಿ ಹಾಕಿಕೊಳ್ಳುತ್ತಿದ್ದದ್ದು ಆ ಬೆರಳಿಗೆ. ಹತ್ತು ಬೆರಳಲ್ಲಿ ವಿಮೆ ಇದ್ದದ್ದು ಅದೊಂದಕ್ಕೇ.

ಆಪರೇಷನ್ನು ಸಾಂಗವಾಗಿ ಮುಗಿಯಿತು. ಕಣ್ಣಿನ ಪಟ್ಟಿ ಬಿಚ್ಚುವ ದಿನ ಅಳಿಯಂದಿರಿಬ್ಬರೂ ಮನೆಗೆ ಬಂದರು. ಅತ್ತೆ ಕಣ್ಣು ಮಿಟುಕಿಸಿ ಅವರನ್ನು ದಿಟ್ಟಿಸಿದಳು. ದೊಡ್ಡಳಿಯನ ಅಂಗಿಯ ಒಂದು ತೋಳು ಮಣಿಕಟ್ಟು ದಾಟಿತ್ತು, ಇನ್ನೊಂದು ಮೊಣಕೈಗೇ ಸುಸ್ತಾಗಿ ನಿಂತಿತ್ತು. ಚಿಕ್ಕಳಿಯನ ಜೇಬಿನ ಬಾಯಿ ಕೆಳಮುಖವಾಗಿತ್ತು.

"ಇದ್ಯಾವ ಕುರುಡ ಹೊಲಿದದ್ದು? ಅವನ ಕೈಗೆ ಬರೆ ಹಾಕ್ಬೇಕು! ಇಂಥ ಟೈಲರ್ ಹತ್ರ ಯಾಕೆ ಹೋಗ್ತೀರಪ್ಪ?"

ಹೆಣ್ಣುಮಕ್ಕಳು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ನೀವೇ, ಅತ್ತೆ" ಎಂದ ಚಿಕ್ಕಳಿಯ, ಮೆಲ್ಲಗೆ.

ಅತ್ತೆ ದೊಡ್ಡಳಿಯನ ಗಿಡ್ಡ ತೋಳನ್ನು ಹಿಡಿದು ಹೊಲಿಗೆ ತಿರುಗಿಸಿ ನೋಡಿದಳು. "ಎರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?"

"ಕಾಯೋ ಅವಧಿ, ಅತ್ತೆ" ಎಂದ ದೊಡ್ಡಳಿಯ. "ಮೊದಲೇ ಇದ್ದ ದೋಷಕ್ಕೆ ಪರಿಹಾರ ಕೇಳೋ ಹಾಗಿಲ್ವಲ್ಲ."

"ಸರಿಯಾಗಿ ಹೇಳಿದ್ರಿ ಭಾವ" ಎಂದ ಚಿಕ್ಕಳಿಯ. ಸರ್ಕಾರವೂ ಖಾಸಗಿಯೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಅತ್ತೆ ಇಬ್ಬರ ಅಂಗಿಯನ್ನೂ ಬಿಚ್ಚಿಸಿಕೊಂಡು ಮಷೀನಿನ ಮುಂದೆ ಕೂತಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಆ ಸಂತೋಷಕ್ಕೆ ತಲೆಯೆತ್ತಿದರೆ, ಬಾಗಿಲಲ್ಲಿ ಪಕ್ಕದ ಮನೆಯಾಕೆ, ಆಕೆಯ ಹಿಂದೆ ಎದುರು ಮನೆಯವರು, ಅವರ ಹಿಂದೆ ಇಡೀ ಬೀದಿ. ಎಲ್ಲರ ಕೈಯಲ್ಲೂ ಅತ್ತೆ ಹೊಲಿದ ಬಟ್ಟೆಯ ಗಂಟು.

"ಕಣ್ಣು ಬಂತಂತಲ್ಲ ಅಜ್ಜಿ?" ಎಂದಳು ಪಕ್ಕದ ಮನೆಯಾಕೆ. "ನಾವೂ ಸರದಿಯಲ್ಲೇ ನಿಂತ್ಕೊಂಡಿದ್ದೀವಿ. ಗಡಿಬಿಡಿ ಏನಿಲ್ಲ."